ನಾಗವೇಣಮ್ಮನವರ ಸುಳ್ಳು ರೈತರು

ಕಂಪ್ಯೂಟರ್ ತಪ್ಪು ತೋರಿಸಿದರೆ ನಾಗವೇಣಮ್ಮ ನೆಮ್ಮದಿಯಾಗಿ ಕಡಲೆಕಾಯಿ ಬಿಡಿಸುತ್ತಿದ್ದರು. ಎಲ್ಲ ಸರಿಯಿದೆ ಎಂದರೆ ಮಾತ್ರ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಳೆಗಳನ್ನು ಮೊಣಕೈವರೆಗೆ ತಳ್ಳಿಕೊಂಡು ಕಿಟಕಿಗೂ ಬಾಗಿಲಿಗೂ ಓಡಾಡುವರು. “ಯಾಕೋ ಸರಿ ಕಾಣ್ತಿಲ್ಲ ಕಣೋ ಸೀನ, ಇನ್ನೊಂದ್ಸಲ ನೋಡು” ಎನ್ನುವರು.

ಎಂಬತ್ತರ ದಶಕದ ಕೊನೆ. ಕೋಲಾರದ ಒಂದು ರೇಷ್ಮೆಮೊಟ್ಟೆ ಕೇಂದ್ರದಲ್ಲಿ ಅವರು ನನಗೆ ಹಿರಿಯರು. ದೇವರಾಯಸಮುದ್ರದವರು, ಗಾಬರಿಯಾದರೆ ತೆಲುಗು. ಯಾವ ರೈತನಿಗೆ ಯಾವ ಲಾಟಿನ ಮೊಟ್ಟೆ ಎಂಬ ಪಟ್ಟಿಯನ್ನು ಒಂದು ಪ್ರೋಗ್ರಾಂ ಮಾಡುತ್ತಿತ್ತು. ಗಂಟುರೋಗ ಕಂಡ ಲಾಟು ಆ ಪಟ್ಟಿಯಲ್ಲಿ ಇಲ್ಲವೆಂದು ತಾನಾಗಿ ಪರೀಕ್ಷಿಸುವ ಇನ್ನೊಂದು ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ರೋಗದ ಲಾಟು ತಪ್ಪಿಸಿಕೊಂಡು ಊರು ಸೇರಿದರೆ ಹುಳುವೆಲ್ಲ ತಟ್ಟೆಯಲ್ಲೇ ಸಾಯುತ್ತಿತ್ತು.

ನನ್ನ ಮೊದಲ ಪರೀಕ್ಷೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿದು, ರೋಗದ ಲಾಟು ಇಲ್ಲ ಎಂದಿತು. ಮೊಟ್ಟೆ ಹೊತ್ತು ಆವನಿ ಕಡೆಗೆ ಹೊರಡುವ ಜೀಪು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ನಾನು ಬೀಗಿದೆ. ಅವರು ಎದ್ದು ಓಡಾಡತೊಡಗಿದರು.

“ಒಳ್ಳೇ ಲಾಟ್ ಒಂದನ್ನ ಹುಡುಕ್ಸು.”

“ಅದು ಇದ್ದೇ ಇರುತ್ತಲ್ಲ ಮೇಡಂ.”

“ಅದಕ್ಕೇ ಹುಡುಕ್ಸು ಅಂದಿದ್ದು!”

ಹುಡುಕಿಸಿದೆ. ಅದೂ ಇಲ್ಲ ಎಂದಿತು. ಬರೆದದ್ದನ್ನು ಮೊದಲಿನಿಂದ ಓದಿದೆ. ಫೈಲಿನ ಹೆಸರು ತಪ್ಪು ಕೊಟ್ಟಿದ್ದೆ. ಪ್ರೋಗ್ರಾಂ ಎರಡು ಸಲವೂ ಹುಡುಕಿದ್ದು ಖಾಲಿ ಪಟ್ಟಿಯಲ್ಲಿ. ಸರಿಯಾದ ಪಟ್ಟಿ ಕೊಟ್ಟಾಗ ರೋಗದ ಲಾಟು ಹಲ್ಲು ಕಿರಿಯುತ್ತ ಎದುರಿಗೆ ಬಂತು. ನಾಗವೇಣಮ್ಮ ಬರಿಗಾಲಲ್ಲೇ ಓಡಿದರು, “ಆಪು ನಾಯ್ನಾ, ಆಪು!” ಎಂದು ಕೂಗುತ್ತ. ಜೀಪು ಗೇಟಿನಲ್ಲಿ ನಿಂತಿತು.

ಬೈಯುತ್ತಾರೆಂದುಕೊಂಡೆ. ಏದುಸಿರಿನಲ್ಲೇ ನಕ್ಕು, “ಬೀಗ ಹಾಕಿದ ಮನೆ ಮುಂದೆ ನಿಂತ್ಕೊಂಡು ಒಳಗ್ಯಾರೂ ಇಲ್ಲ ಅಂದಂಗಾಯ್ತು ನಿಂದು. ಅವಸರದ ಸೀನಪ್ಪ!” ಎಂದರು. ಕಚೇರಿಯಲ್ಲಿ ಆ ಹೆಸರೇ ನಿಂತುಬಿಟ್ಟಿತು.

ಅಂದಿನಿಂದ ಪ್ರತಿ ಪಟ್ಟಿಗೂ ನನಗೆ ಗೊತ್ತಾಗದಂತೆ ಒಬ್ಬ ಸುಳ್ಳು ರೈತನನ್ನು ಸೇರಿಸಿ, ಅವನ ಹೆಸರಿಗೆ ರೋಗದ ಲಾಟು ಹಚ್ಚುತ್ತಿದ್ದರು. ಗಾಳಿ ಗೋವಿಂದಪ್ಪ, ಬಯಲು ಬಚ್ಚಪ್ಪ. ನನ್ನ ಪರೀಕ್ಷೆ ಅವನನ್ನು ಹಿಡಿಯಬೇಕು. ಆಮೇಲೆ ಅವನನ್ನು ಅಳಿಸಿ ಮತ್ತೆ ನಡೆಸಿದಾಗ ಇಲ್ಲ ಎಂದರೆ ಮಾತ್ರ ನಂಬುತ್ತಿದ್ದರು. “ಸಿಕ್ತು ಮೇಡಂ!” ಎಂದು ಕೂಗಿದರೆ ನನಗೊಂದು ಹಿಡಿ ಕಡಲೆಕಾಯಿ. ಅವರನ್ನು ಗೆಲ್ಲಬೇಕೆಂಬ ಹಟದಲ್ಲೇ ನಾನು ಕೆಲಸ ಕಲಿತೆ.

ಒಂದು ಶನಿವಾರ ಜ್ವರವೆಂದು ಬೇಗ ಹೊರಟರು. “ಮುಂದಿನ ಪಟ್ಟೀಲೂ ಒಬ್ಬನ್ನ ಕೂರ್ಸಿದೀನಿ, ಹಿಡಿ ನೋಡೋಣ” ಎಂದರು. ಗುರುವಾರದ ಹೊತ್ತಿಗೆ ತೀರಿಕೊಂಡರು. ದೇವರಾಯಸಮುದ್ರಕ್ಕೆ ಮಣ್ಣಿಗೆ ಹೋಗಿ ಬಂದ ಮರುದಿನವೇ ಪಟ್ಟಿ ನಡೆಸಬೇಕಾಯಿತು. ಮೊಟ್ಟೆ ಯಾರಿಗೂ ಕಾಯುವುದಿಲ್ಲ.

ಪರೀಕ್ಷೆ ಒಂದು ಹೆಸರಿಗೆ ಬಂದು ನಿಂತಿತು: ಅವಸರದ ಸೀನಪ್ಪ, ಮುಳಬಾಗಿಲು.

“ಸಿಕ್ತು ಮೇಡಂ!” ಎಂದು ಕೂಗಿಯೇಬಿಟ್ಟೆ. ಅವರ ಮೇಜಿನ ಮೇಲೆ ಶನಿವಾರದ ಕಡಲೆಕಾಯಿ ಸಿಪ್ಪೆ ಹಾಗೇ ಇತ್ತು. ಆ ಹೆಸರು ಅಳಿಸಿ, ಮತ್ತೊಮ್ಮೆ ನಡೆಸಿದರೆ ಜೀಪು ಹೊರಡಬಹುದಿತ್ತು. ಅಳಿಸಲು ಬಹಳ ಹೊತ್ತು ಕೈ ಬರಲಿಲ್ಲ. ಕೊನೆಗೆ ಅಳಿಸಿದೆ, ನಡೆಸಿದೆ. ಎಲ್ಲ ಸರಿಯಿದೆ ಎಂದಿತು.

ಹೊರಗೆ ಜೀಪು ಹಾರ್ನ್ ಹೊಡೆಯುತ್ತಲೇ ಇತ್ತು. ನಾನು ಎದ್ದು ಕಿಟಕಿಗೂ ಬಾಗಿಲಿಗೂ ಓಡಾಡತೊಡಗಿದೆ.