ಕೊನೆಯ ಹಾಡಿನ ಎಂಟು ಸಾಲು

ಊಟಕ್ಕೆ ಕೂರುವ ಮೊದಲು ಅಣ್ಣ ಮುಂದಿನ ಹಲ್ಲುಗಳ ಮೇಲಿನ ಬೆಳ್ಳಿ ಕವಚವನ್ನು ಕಳಚಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳದಲ್ಲಿ ಇಡುತ್ತಿದ್ದ. ಹ್ಯೂಸ್ಟನ್ನಿನ ರ‍್ಯಾಪರ್‌ಗಳಂತೆ ಕಾಣಬೇಕೆಂದು ಮಾಡಿಸಿಕೊಂಡದ್ದು. ನಕ್ಕರೆ ಹೊಳೆಯುತ್ತಿತ್ತು, ರೊಟ್ಟಿ ಕಡಿದರೆ ಜಾರುತ್ತಿತ್ತು.

ಹ್ಯೂಸ್ಟನ್ನಿನಿಂದ ನಾಲ್ಕು ತಾಸು ದೂರದ ರಿಚರ್ಡ್‌ಸನ್ ಊರಿನ ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರು ರೂಮ್‌ಮೇಟ್‌ಗಳು. ಅವನು ಹುಬ್ಬಳ್ಳಿಯವನು, ನನಗಿಂತ ಆರು ವರ್ಷ ದೊಡ್ಡವನು, ಅದಕ್ಕೇ ಅಣ್ಣ. ಹಗಲು ಟೆಲಿಕಾಂ ಕೆಲಸ, ಉಳಿದ ಹೊತ್ತು ಹ್ಯೂಸ್ಟನ್ ಧಾಟಿಯಲ್ಲಿ ಕನ್ನಡ ರ‍್ಯಾಪ್. ನಾನು ಬೆಂಗಳೂರಿನ ಸ್ಟೂಡೆಂಟು. ಕಂಡವರ ದನಿಯನ್ನು ಥೇಟ್ ಅವರಂತೆ ತೆಗೆದು ಗೇಲಿ ಮಾಡುವುದೇ ನನ್ನ ಓದು, ಡಿಗ್ರಿ ಹೆಸರಿಗೆ. ಅವನ ಮೊದಲ ಆಲ್ಬಮ್ಮಿಗೆ ಆಸ್ಟಿನ್ನಿನಲ್ಲಿ ಕಾರ್ಯಕ್ರಮ ಇಟ್ಟಾಗ ಬಂದವರು ಹನ್ನೊಂದು ಮಂದಿ. ಅದರಲ್ಲಿ ಇಬ್ಬರು ಬಾತ್‌ರೂಮ್ ಹುಡುಕಿಕೊಂಡು ಬಂದವರು. ವಾಪಸ್ ಬರುವಾಗ ಕಾರಿನಲ್ಲಿ ನಾನು ಅವನದೇ ದನಿ ತೆಗೆದು, "ಥ್ಯಾಂಕ್ಯೂ ಆಸ್ಟಿನ್, ಬಾತ್‌ರೂಮಿಗೆ ಬಂದವರೂ ಕುಂತು ಕೇಳಿದ್ರಿ, ಭಾಳ ಸಂತೋಷ ಆತ್ರಿ" ಎಂದೆ.

"ಮಗನ, ನನಗಿಂತ ನೀನ ಚಲೋ ಹಾಡ್ತೀಯಲ್ಲಲೇ!" ಎಂದು ನಕ್ಕ.

ಹ್ಯೂಸ್ಟನ್ನಿನವರ ರೂಢಿಯಂತೆ ಯಾವ ಹಾಡನ್ನಾದರೂ ವೇಗ ತಗ್ಗಿಸಿ ನಿಧಾನ ಮಾಡಿ ಕೇಳುವುದು ಅವನ ಚಟ. ಅವ್ವನ ವಾಯ್ಸ್ ಮೆಸೇಜನ್ನೂ ಬಿಡುತ್ತಿರಲಿಲ್ಲ. "ಆರಾಮ ಅದೀನಿ ಅಂತಾಳ. ನಿಧಾನ ಮಾಡಿದ್ರ ಗೊತ್ತಾಗ್ತದ, ಆರಾಮಿಲ್ಲ."

ಎರಡನೇ ಆಲ್ಬಮ್ ಮುಗಿಯುವ ಮೊದಲೇ ಗಂಟಲಿಗೆ ಕ್ಯಾನ್ಸರ್ ಬಂತು. ಸೋಮವಾರ ಹ್ಯೂಸ್ಟನ್ನಿನಲ್ಲಿ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅದರ ಹಿಂದಿನ ಶನಿವಾರ ಅದೇ ಊರಿನ ಸ್ಟುಡಿಯೋಗೆ ನಾನೇ ಡ್ರೈವ್ ಮಾಡಿ ಕರೆದೊಯ್ದೆ. ಕೊನೆಯ ಹಾಡಿನ ಎಂಟು ಸಾಲು ಬಾಕಿ. ಮೂರು ತಾಸು ಹೆಣಗಿದ. ಮೈಕಿಗೆ ಬಿದ್ದದ್ದು ಬರೀ ಗಾಳಿ. ಕೊನೆಗೆ ನನ್ನ ಅಂಗಿ ಹಿಡಿದು ಎಳೆದ.

"ನೀ ಹಾಡಲೇ, ನನ್ನ ದನಿ ತೆಗೆದು. ಯಾರಿಗೂ ಗೊತ್ತಾಗಂಗಿಲ್ಲ. ಕೈ ಮುಗೀತೀನಿ."

ಹಾಡಿದೆ. ಒಂದೇ ಟೇಕ್. ಗಾಜಿನಾಚೆ ರೆಕಾರ್ಡ್ ಮಾಡುವವನು ಹೆಬ್ಬೆರಳು ಎತ್ತಿದ. ಅಂಥ ಹೊತ್ತಿನಲ್ಲೂ ನಾನು ಬೀಗಿದೆ, ನಾಚಿಕೆಗೆಟ್ಟವನು. ಅಣ್ಣ ಅದನ್ನು ನಿಧಾನ ಮಾಡಿ ಹಾಕಿಸಿ ಕೇಳಿದ. ಇನ್ನೊಮ್ಮೆ ಕೇಳಿದ.

"ಅಳಿಸಿಬಿಡು."

"ಯಾಕಣ್ಣ? ಸೇಮ್ ನಿನ್ ಥರಾನೇ ಇದೆಯಲ್ಲ!"

"ದನಿ ನಂದ. ಅದರಾಗ ಹೆದರಿಕಿ ಇಲ್ಲ. ನಾ ಸಾಯಾಕ ಹೆದರೀನಿ, ನೀ ಶೋ ಕೊಡಾಕತ್ತಿ."

ನಾನು ಹಾಡಿದ್ದನ್ನು ಅಳಿಸಿಹಾಕಿಸಿ, ಬಿಸಿನೀರು ಕುಡಿದು ಮತ್ತೆ ಮೈಕಿನ ಮುಂದೆ ನಿಂತ. ಸಾಲಿಗೊಮ್ಮೆ ಕೆಮ್ಮು, ಕರವಸ್ತ್ರದಲ್ಲಿ ರಕ್ತ. "ಸಾಕಣ್ಣ, ನಿನ್ ಕಾಲಿಗೆ ಬೀಳ್ತೀನಿ" ಎಂದೆ; ನನ್ನನ್ನು ತಳ್ಳಿದ. ಸಂಜೆಯ ಹೊತ್ತಿಗೆ ಆರು ಸಾಲು ಸಿಕ್ಕವು. ಏಳನೆಯದಕ್ಕೆ ಬಾಯಿ ತೆರೆದ, ಏನೂ ಬರಲಿಲ್ಲ. ಬೀಟ್ ಹಾಗೇ ಓಡಲಿ ಎಂದು ಕೈಸನ್ನೆ ಮಾಡಿ ಗೋಡೆಗೊರಗಿ ಕುಳಿತುಬಿಟ್ಟ.

ಆಲ್ಬಮ್ ಹಾಗೆಯೇ ಹೊರಬಂತು. ಅದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕೇಳಿದ. ಐದು ತಿಂಗಳಿಗೆ ಹೋಗಿಬಿಟ್ಟ.

ಆ ಎರಡು ಸಾಲು ಏನೆಂದು ಬಲ್ಲವನು ಈಗ ನಾನೊಬ್ಬನೇ. "ಅವನ ದನೀಲಿ ಹೇಳೋ ಮಾರಾಯ, ನಿಂಗೇನ್ ಕಷ್ಟ?" ಎನ್ನುತ್ತಾರೆ ಗೆಳೆಯರು. ಹ್ಯೂಸ್ಟನ್ ದಾರಿಯಲ್ಲಿ ಆ ಹಾಡು ಬಂದು, ಅವನ ಮಾತು ನಿಂತು ಬರೀ ಬೀಟ್ ಉಳಿದಾಗ, ಊರವರೆಲ್ಲರ ದನಿ ತೆಗೆಯುವ ನಾನು ಬಾಯಿ ಮುಚ್ಚಿಕೊಂಡು ಡ್ರೈವ್ ಮಾಡುತ್ತೇನೆ.