ನಮ್ಮ ಅಟ್ಟವೂ ದೊಡ್ಡತ್ತೆಯ ಟ್ಯಾಂಕೂ

ನನ್ನನ್ನು ನೋಡಲು ಬಂದ ದಿನ ನಮ್ಮತ್ತೆ ಮೋಸಹೋದರು. ಇದು ನನ್ನ ಮಾತಲ್ಲ, ಮನೆಗೆ ಬಂದವರ ಮುಂದೆಲ್ಲ ಅವರೇ ಇವತ್ತಿಗೂ ಹೇಳುವ ಮಾತು. ಸೂಲಿಬೆಲೆ ಹತ್ತಿರದ ನಮ್ಮ ತವರುಮನೆಯ ಪಡಸಾಲೆಯಲ್ಲಿ ನನ್ನನ್ನು ಚಾಪೆಯ ಮೇಲೆ ಕೂರಿಸಿದ್ದರು. ಕೂತಿದ್ದ ಹುಡುಗಿಯನ್ನು ಅವರು ಮೆಚ್ಚಿಕೊಂಡರು, ಹೂ ಮುಡಿಸಿದರು, ತಟ್ಟೆಯಲ್ಲಿದ್ದ ಕಜ್ಜಾಯವನ್ನೂ ಮುರಿದು ಬಾಯಿಗೆ ಹಾಕಿಕೊಂಡರು. ಆಮೇಲೆ ಅಮ್ಮ, ಹಿರಿಯರ ಕಾಲಿಗೆ ಬೀಳು ಎಂದಾಗ ನಾನು ಎದ್ದು ನಿಂತೆ. ಅತ್ತೆಯ ಕಣ್ಣು ನನ್ನ ಸೊಂಟದ ಹತ್ತಿರ ಹೊರಟು ಮೇಲೆ ಬಂತು, ಇನ್ನೂ ಮೇಲೆ ಬಂತು.

"ಏನವ್ವಾ, ಇಷ್ಟುದ್ದ ಬೆಳ್ದಿದೀಯ! ಅಟ್ಟದ ಮೇಲಿರೋದ್ನ ಇಳ್ಸೋಕೆ ಇನ್ನು ಏಣಿ ಬೇಡ ಬಿಡು," ಎಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಅಟ್ಟದಲ್ಲೇ ನಾನು ಸಂಸಾರ ಮಾಡಬೇಕೆಂದು ಆಗ ಗೊತ್ತಿದ್ದರೆ ಅಷ್ಟು ಜೋರಾಗಿ ನಗುತ್ತಿರಲಿಲ್ಲ.

ನಮ್ಮ ತವರಿನಲ್ಲಿ ಗಂಡಸರು ಹೆಂಗಸರು ಎಲ್ಲರೂ ಉದ್ದ. ಕಾಲೇಜಿನ ವಾಲಿಬಾಲ್ ತಂಡದಲ್ಲಿ ನನ್ನನ್ನು ಬಲೆಯ ಪಕ್ಕದಿಂದ ಬೇರೆಲ್ಲೂ ನಿಲ್ಲಿಸುತ್ತಿರಲಿಲ್ಲ. ಗಂಡನ ಮನೆ ದೊಡ್ಡಬಳ್ಳಾಪುರದ ಆಚೆ, ರಾಜಘಟ್ಟ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿ. ಅಲ್ಲಿ ಇವರ ವಂಶವೆಲ್ಲ ಗಿಡ್ಡ. ನನ್ನ ಯಜಮಾನರು ನನ್ನ ಕಿವಿಯವರೆಗೆ ಬರುತ್ತಾರೆ. ಮದುವೆಯಲ್ಲಿ ಫೋಟೋ ತೆಗೆಯುವವನು ಬುದ್ಧಿವಂತ, ಅವರನ್ನು ಮಂಟಪದ ಮೆಟ್ಟಿಲ ಮೇಲೆ ನಿಲ್ಲಿಸಿ ನನ್ನನ್ನು ಕೆಳಗೆ ನಿಲ್ಲಿಸಿದ. ಆಲ್ಬಮ್ ನೋಡಿದವರಿಗೆ ನಾವು ಹೇಳಿ ಮಾಡಿಸಿದ ಜೋಡಿ.

ಇವರ ತಾತ ಇಬ್ಬರು ಗಂಡುಮಕ್ಕಳಿಗೆಂದು ಒಂದೇ ಹೆಂಚಿನ ಚಾವಣಿಯ ಕೆಳಗೆ ಎರಡು ಮನೆ ಕಟ್ಟಿಸಿದ್ದರು. ನಡುವೆ ಒಂದು ಗೋಡೆ. ದಕ್ಷಿಣದ ಮನೆ ಹಿರಿಮಗನಿಗೆ, ಉತ್ತರದ್ದು ಕಿರಿಮಗನಿಗೆ, ಅಂದರೆ ನಮ್ಮ ಮಾವನವರಿಗೆ. ನಾನು ಬರುವ ಹೊತ್ತಿಗೆ ಅಣ್ಣತಮ್ಮ ಇಬ್ಬರೂ ಇರಲಿಲ್ಲ. ಆ ಕಡೆ ದೊಡ್ಡಮಾವನ ಹೆಂಡತಿ, ನನಗೆ ದೊಡ್ಡತ್ತೆ, ಹೆಣ್ಣುಮಕ್ಕಳನ್ನೆಲ್ಲ ಮದುವೆ ಮಾಡಿ ಕಳಿಸಿ ಒಂದು ದೊಡ್ಡ ಕೋಳಿ ಸಂಸಾರ ಸಾಕಿಕೊಂಡಿದ್ದರು. ಈ ಕಡೆ ನಾವು. ಕೆಳಗೆ ಪಡಸಾಲೆ, ಅಡುಗೆಮನೆ, ಅತ್ತೆಯ ಕೋಣೆ, ಮುಂದುಗಡೆ ಹಸುಗಳು. ಹೊಸದಾಗಿ ಮದುವೆಯಾದವರಿಗೆ ಉಳಿದದ್ದು ಅಟ್ಟ. ರಾಗಿ ಮೂಟೆ, ಈರುಳ್ಳಿ, ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಮೂಲೆ ಸೇರಿದ ಬಿದಿರಿನ ತಟ್ಟೆಗಳು, ಇವನ್ನೆಲ್ಲ ಒಂದು ಬದಿಗೆ ಸರಿಸಿ, ಹಲಗೆ ತೊಳೆದು, ನಮಗೆ ಹಾಸಿಗೆ ಹಾಕಿಕೊಟ್ಟಿದ್ದರು.

ಅಟ್ಟದ ನಡುವೆ, ಚಾವಣಿಯ ನೆತ್ತಿಯ ಕೆಳಗೆ, ಆ ಮನೆಯವರೆಲ್ಲ ಆರಾಮಾಗಿ ನಿಲ್ಲುತ್ತಿದ್ದರು. ನಾನು ನಿಂತರೆ ತೊಲೆ ನನ್ನ ತಲೆಯನ್ನು ಕೇಳದೆ ಬಿಡುತ್ತಿರಲಿಲ್ಲ. ನಡುವಿನಿಂದ ಒಂದು ಹೆಜ್ಜೆ ಆಚೆ ಈಚೆ ಇಟ್ಟರೆ ಕುಕ್ಕರುಗಾಲೇ ಗತಿ. ಸೀರೆ ಉಡುವುದನ್ನು ಮಂಡಿಯೂರಿ ಕಲಿತೆ. ನಂಬದವರು ಒಮ್ಮೆ ಮಂಡಿಯೂರಿ ನೆರಿಗೆ ಹಿಡಿದು ನೋಡಲಿ, ಎದ್ದು ನಿಂತಾಗ ಸೀರೆ ಮೊಣಕಾಲಿನ ಹತ್ತಿರ ಇರುತ್ತದೆ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಪರೀಕ್ಷಿಸುವ ಕೆಲಸ ನನ್ನದು, ಇಡೀ ದಿನ ನಿಂತೇ ಇರಬೇಕು. ಅಲ್ಲಿ ಉಳಿದವರು ಕಾಲು ನೋವು ಎಂದು ಕೂರಲು ಜಾಗ ಹುಡುಕುತ್ತಿದ್ದರು. ನನಗೆ ಮಾತ್ರ ನಿಲ್ಲುವುದೇ ಸುಖವಾಗಿತ್ತು.

ನಾಲ್ಕೈದು ವರ್ಷ ಹೀಗೇ ಕಳೆಯಿತು. ಮಗಳು ಹುಟ್ಟಿದಳು, ಅಜ್ಜಿಯ ಪಕ್ಕ ಮಲಗುವುದನ್ನು ಕಲಿತಳು. ಒಂದು ಹಬ್ಬದ ಬೆಳಿಗ್ಗೆ, ಹೊಸ ಸೀರೆ ಉಟ್ಟು ಏಳುವಾಗ ಹಣೆ ತೊಲೆಗೆ ಬಡಿದು ಕಣ್ಣು ಕತ್ತಲಾಯಿತು. ಕೆಳಗಿಳಿದವಳೇ, ಹಣೆಗೆ ಹಸಿ ಬಟ್ಟೆ ಒತ್ತಿಕೊಂಡು, ಹಸುಗಳಿಗೆ ಹುಲ್ಲು ಹಾಕುತ್ತಿದ್ದ ಯಜಮಾನರಿಗೆ ಹೇಳಿಬಿಟ್ಟೆ:

"ನೋಡಿ, ಒಂದೋ ಈ ಅಟ್ಟ ಎತ್ತರ ಮಾಡ್ಸಿ, ಇಲ್ಲಾ ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ಮನೆ ನೋಡಿ. ನಿಮ್ಮ ಮನೇಲಿ ನಾನು ನೆಟ್ಟಗೆ ನಿಂತ್ಕೊಳ್ಳೋಕೆ ಒಂದು ಜಾಗಾನೂ ಇಲ್ಲ."

ಹೇಳಿದ ಮೇಲೆ ನನಗೇ ಭಯವಾಯಿತು, ಏಕೆಂದರೆ ಅದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ಆ ಮನೆಯಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿದ್ದರು. ಆದರೂ ಬಾಗಿಲು, ಒಲೆಯ ಕಟ್ಟೆ, ಅಟ್ಟ ಎಲ್ಲವೂ ಬೇರೆ ಯಾರದೋ ಅಳತೆಗೆ ಮಾಡಿದ್ದು, ನಾನು ಬಂದುಹೋಗುವ ನೆಂಟಳು ಎಂದು ದಿನವೂ ಅನಿಸುತ್ತಿತ್ತು.

ಯಜಮಾನರು ಆ ವರ್ಷ ದ್ರಾಕ್ಷಿ ಬೆಳೆ ಕೈಹಿಡಿದಿದ್ದ ಹುರುಪಿನಲ್ಲಿದ್ದರು, ಕೂಡಲೇ ಒಪ್ಪಿದರು. ಗೋಡೆಗಳ ಮೇಲೆ ಸಿಮೆಂಟ್ ಬ್ಲಾಕಿನ ಸಾಲು ಕಟ್ಟಿ, ನಮ್ಮ ಕಡೆಯ ಚಾವಣಿಯನ್ನಷ್ಟೇ ಮೇಲಕ್ಕೆತ್ತಿ, ಅದೇ ಹೆಂಚು ಹೊದಿಸಿ, ಅಟ್ಟವನ್ನು ಕೋಣೆ ಮಾಡುವುದೆಂದು ಊರಿನ ಮೇಸ್ತ್ರಿ ಹೇಳಿದ. ಅಡ್ಡ ನಿಂತದ್ದು ಅತ್ತೆ.

"ಅಕ್ಕನ ಮನೆಗಿಂತ ನಮ್ಮನೆ ಎತ್ತರ ಆಗೋದುಂಟಾ? ಅಣ್ಣನ ಮನೆ ತಲೆ ಮೇಲೆ ತಮ್ಮನ ಮನೆ ಕೂತ್ಕೊಂಡ್ರೆ ಊರು ಏನಂತದೆ? ಅದಕ್ಕೇ ಅಲ್ವಾ ನಮ್ಮಾವ ಎರಡಕ್ಕೂ ಒಂದೇ ಚಾವಣಿ ಹಾಕ್ಸಿದ್ದು."

ನಮ್ಮ ಕಡೆ ಇದು ಸುಮ್ಮನೆ ಆಡುವ ಮಾತಲ್ಲ. ಅಣ್ಣನ ಮನೆ ದಕ್ಷಿಣಕ್ಕಿರಬೇಕು, ಎತ್ತರದಲ್ಲಿ ತಮ್ಮನದು ಅದನ್ನು ಮೀರಬಾರದು. ಮೀರಿಸಿದವರ ಮನೆಯಲ್ಲಿ ಹಸು ಕೆಮ್ಮಿದರೂ ಊರಿನವರು ಚಾವಣಿಯ ಕಡೆ ಕೈ ತೋರಿಸುತ್ತಾರೆ. ಅತ್ತೆ ತಮ್ಮದೇ ಒಂದು ಉಪಾಯವನ್ನೂ ಕೊಟ್ಟರು. ಚಾವಣಿ ಮುಟ್ಟುವುದು ಬೇಡ, ಅಟ್ಟದ ಹಲಗೆಗಳನ್ನೇ ಕೆಳಗಿಳಿಸಿ ಎಂದರು. ಕೆಳಗೆ ಅವರ ತಲೆಯ ಮೇಲೆ ಬೇಕಾದಷ್ಟು ಜಾಗವಿತ್ತಲ್ಲ! ಮೇಸ್ತ್ರಿ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ, "ಆಗ ಸೊಸೆಮ್ಮ ಮೇಲೆ ನಿಂತ್ಕೊಂಡು ಕೆಳಗೆ ಬಗ್ತಾರೆ ಕಣವ್ವ, ಅಷ್ಟೇ," ಎಂದ. ಯಜಮಾನರು ನಗು ತಡೆಯಲಾರದೆ ಕೊಟ್ಟಿಗೆಯ ಕಡೆ ಹೋದರು.

ಕೊನೆಗೆ ದೊಡ್ಡತ್ತೆಯನ್ನೇ ಕೇಳುವುದೆಂದಾಯಿತು. ನಾವೆಲ್ಲ ಹೋಗಿ ಅವರ ಜಗಲಿಯಲ್ಲಿ ಕೂತೆವು. ಅವರು ಕೋಳಿಗಳಿಗೆ ಕಾಳು ಎರಚುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ವಂಶದಲ್ಲೆಲ್ಲ ಗಿಡ್ಡ ಅವರೇ, ಗತ್ತಿನಲ್ಲಿ ಮಾತ್ರ ಯಾರೂ ಅವರ ಹತ್ತಿರ ಸುಳಿಯುವಂತಿಲ್ಲ.

"ಎತ್ತಿಸ್ಕೊಳ್ಳಿ, ಯಾರು ಬೇಡಾಂದ್ರು? ಆದ್ರೆ ನಂದೂ ಎತ್ತರ ಆಗ್ಬೇಕು."

ಎರಡು ಚಾವಣಿ ಎತ್ತಿಸುವ ತಾಕತ್ತು ನಮಗಿರಲಿಲ್ಲ. ಯಜಮಾನರ ಮುಖ ಸಣ್ಣದಾಯಿತು. ನನಗೆ ಬಾಡಿಗೆ ಮನೆಯ ಹೊಸ ಬೀಗದ ಕೈ ಕಣ್ಣಮುಂದೆ ಬಂತು. ದೊಡ್ಡತ್ತೆ ನಮ್ಮನ್ನು ಸ್ವಲ್ಪ ಹೊತ್ತು ಹಾಗೇ ಬೇಯಲು ಬಿಟ್ಟು, ಹಿತ್ತಲಿನ ತಮ್ಮ ಬಚ್ಚಲುಮನೆಯ ಕಡೆ ಕೈ ತೋರಿಸಿದರು. ಅದೊಂದಕ್ಕೆ ಮಾತ್ರ ಕಾಂಕ್ರೀಟಿನ ಮೋಲ್ಡ್ ಹಾಕಿಸಿದ್ದರು.

"ಅದ್ರ ಮೇಲೆ ಕಬ್ಬಿಣದ ಸ್ಟ್ಯಾಂಡ್ ನಿಲ್ಸಿ ಒಂದು ಟ್ಯಾಂಕ್ ಇಡ್ಸಿ. ನಿಮ್ಮ ಚಾವಣಿಗಿಂತ ಒಂದು ಗೇಣು ಮೇಲಿರ್ಲಿ. ಕೊಡ ಹೊತ್ತೂ ಹೊತ್ತೂ ನನ್ನ ನಡ ಬಿದ್ದೋಗಿದೆ."

"ಅಕ್ಕಾ, ಟ್ಯಾಂಕ್ ಮನೆ ಆಗ್ತದಾ?" ಎಂದರು ಅತ್ತೆ.

"ನೀರಿಲ್ದೆ ಮನೆ ಆಗ್ತದಾ?" ಎಂದರು ದೊಡ್ಡತ್ತೆ.

ಹಿರಿಯರದ್ದೇ ಮೊದಲು ಏರಬೇಕೆಂದು ಅತ್ತೆ ಪಟ್ಟು ಹಿಡಿದದ್ದರಿಂದ ನಮ್ಮ ಚಾವಣಿಯ ಒಂದು ಹೆಂಚನ್ನೂ ಮುಟ್ಟುವ ಮುಂಚೆ ದೊಡ್ಡತ್ತೆಯ ಸ್ಟ್ಯಾಂಡು ಎದ್ದು ನಿಂತಿತು. ಮೇಸ್ತ್ರಿ ಹೇಳಿದ ಎತ್ತರಕ್ಕೆ ಒಂದು ಗೇಣು ಸೇರಿಸಿ ಅದರ ನೆತ್ತಿಗೆ ಕರಿ ಟ್ಯಾಂಕು ಏರಿಸಿದೆವು. ಬೀದಿ ನೀರನ್ನು ತೊಟ್ಟಿಗೆ ತುಂಬಿಸಿಕೊಂಡು ಸಣ್ಣ ಮೋಟರಿನಿಂದ ಮೇಲೆ ಹತ್ತಿಸುವ ಏರ್ಪಾಡಾಯಿತು. ದೊಡ್ಡತ್ತೆ ಅರಿಶಿನ ಕುಂಕುಮ ಹಚ್ಚಿ ನಲ್ಲಿ ತಿರುಗಿಸಿದರು. ನೀರು ಬಂದ ಕೂಡಲೇ ಗಾಬರಿಯಾದವರಂತೆ ನಿಲ್ಲಿಸಿಬಿಟ್ಟರು. ಮುಗಿದುಹೋದರೆ ಎಂದು ಹೆದರಿಕೆ.

ಆಮೇಲೆ ನಮ್ಮ ಕೆಲಸ. ಹೆಂಚು ಇಳಿಸುವ ದಿನ ಬೀದಿಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ನಾನು ಗೋಡೆಯ ಹತ್ತಿರ ನೆಲದಲ್ಲೇ ನಿಂತು, ಸೂರಿನಿಂದ ಇಳಿದ ಹೆಂಚುಗಳನ್ನು ಏಣಿಯಿಲ್ಲದೆ ಹಿಡಿಯುತ್ತಿದ್ದೆ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ಮಧ್ಯಾಹ್ನ ಮೋಡ ಕವಿದಾಗ ರಾಗಿ ಒಣಗಿಸುವ ಟಾರ್ಪಾಲನ್ನು ಅಡ್ಡಾದಿಡ್ಡಿ ಎಳೆದು ಕಟ್ಟಿದೆವು, ಮಳೆ ನಮ್ಮ ಒದ್ದಾಟ ನೋಡಿ ನಕ್ಕು ಆಚೆ ಊರಿಗೆ ಹೋಯಿತು. ತೊಲೆ ಏರಿಸಿದ ದಿನ ಕೆಲಸದವರಿಗೆ ಬಾಡೂಟ ಹಾಕಬೇಕಲ್ಲ, ಹುಂಜ ಕೊಟ್ಟದ್ದು ದೊಡ್ಡತ್ತೆ. ಮುದ್ದೆ ಕಟ್ಟಿದ್ದು ಅತ್ತೆ. ಊಟವಾಗಿ ಕೈ ತೊಳೆಯಲು ಅಂಗಳಕ್ಕೆ ಬಂದವರು ಸುಮ್ಮನೆ ತಲೆಯೆತ್ತಿ ನೋಡಿದರು.

ನಮ್ಮ ತೊಲೆ ಟ್ಯಾಂಕನ್ನು ದಾಟಿ ಮೇಲೆ ಹೋಗಿತ್ತು.

ಇಲ್ಲಿಂದ ಹಾಗೆ ಕಾಣುತ್ತದೆ, ಅಷ್ಟೇ, ಎಂದರು ಯಜಮಾನರು. ಎಲ್ಲರೂ ಎದುರಿನ ಹೊಲಕ್ಕೆ ಹೋಗಿ ಸಾಲಾಗಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದೆವು. ಅಲ್ಲಿಂದ ಇನ್ನೂ ಚೆನ್ನಾಗಿ ಕಂಡಿತು. ಯಜಮಾನರು ಮೇಸ್ತ್ರಿಯ ಮೇಲೆ ಹರಿಹಾಯ್ದರು. ಅವನು ಎಲೆ ಅಡಿಕೆ ಅಗಿಯುತ್ತಾ, "ಏನೋ, ಗೋಡೆ ಎರಡು ಸಾಲು ಜಾಸ್ತಿ ಬಂದ್ಬಿಡ್ತು ಕಣಣ್ಣ, ಇಳಿಸೋದಾದ್ರೆ ಇಳಿಸ್ತೀನಿ," ಎಂದ. ಎರಡು ಸಾಲು ಇಳಿಸಿದರೂ ನನ್ನ ತಲೆ ತೊಲೆಗೆ ತಾಗುವುದಿಲ್ಲ ಎಂದು ಲೆಕ್ಕ ಹೇಳಿದ. ಅವನ ಲೆಕ್ಕದ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಬಂದ ಜಾಗವನ್ನು ಮತ್ತೆ ಕತ್ತರಿಸುತ್ತಾರೆಂದು ಅಳುವೇ ಬಂತು. ಅತ್ತೆಯ ಮುಖ ನೋಡಿದೆ. ಎತ್ತರದ ವಿಷಯದಲ್ಲಿ ಅವರು ಯಾರ ಮಾತೂ ಕೇಳುವವರಲ್ಲ.

"ಕಟ್ಟಿದ್ ಗೋಡೆ ಒಡೀಬಾರ್ದು. ಟ್ಯಾಂಕೇ ಎತ್ರಿ," ಎಂದರು ಅತ್ತೆ.

ಟ್ಯಾಂಕಿನ ಅಡಿಗೆ ಒಂದಷ್ಟು ಸಾಲು ಬ್ಲಾಕ್ ಇಟ್ಟರಾಯಿತು ಎಂದ ಮೇಸ್ತ್ರಿ, ಆದರೆ ತುಂಬಿದ ಟ್ಯಾಂಕನ್ನು ಎತ್ತಲಾಗುವುದಿಲ್ಲ, ನೀರು ಬಿಟ್ಟುಬಿಡಿ ಎಂದ. ದೊಡ್ಡತ್ತೆ ನಲ್ಲಿಯ ಮುಂದೆ ಹೋಗಿ ನಿಂತರು. "ನೀರು ಚೆಲ್ತೀರಾ? ನನ್ ಹೆಣದ್ ಮೇಲೆ ಚೆಲ್ಲಿ!" ಅವರು ಆ ಟ್ಯಾಂಕು ತುಂಬಿದಾಗಿನಿಂದ ತಾವೇ ತಂಬಿಗೆಯ ಲೆಕ್ಕದಲ್ಲಿ ಬಳಸುತ್ತಿದ್ದರು. ಚೆಲ್ಲುವುದಿಲ್ಲ, ಬಳಸಿಯೇ ಖಾಲಿ ಮಾಡುತ್ತೇವೆ ಎಂದು ಅತ್ತೆ ಅವರ ಗಲ್ಲ ಹಿಡಿದು ಒಪ್ಪಿಸಿದರು.

ಆ ಭಾನುವಾರ ನಮ್ಮ ಬೀದಿಯಲ್ಲಿ ಕೊಳೆ ಎನ್ನುವುದು ಉಳಿಯಲಿಲ್ಲ. ಎರಡೂ ಮನೆಯ ಕಂಬಳಿ, ದುಪ್ಪಟಿ, ದಿಂಬಿನ ಚೀಲ ಒಗೆದೆವು. ಹಸುಗಳಿಗೆ ಮೈ ತೊಳೆದೆವು, ಎದುರುಮನೆಯವರ ಹಸುಗಳಿಗೂ ತೊಳೆದೆವು. ಮಗಳಿಗೆ ಮೂರು ಸಲ ಸ್ನಾನವಾಯಿತು. ಅಕ್ಕಪಕ್ಕದ ಹೆಂಗಸರು ಬಟ್ಟೆ ಗಂಟು ಹೊತ್ತು ಬಂದರು. ದೊಡ್ಡತ್ತೆ ನಲ್ಲಿಯ ಪಕ್ಕ ಕಲ್ಲಿನ ಮೇಲೆ ಕೂತು, "ಸಾಕು ಅದಕ್ಕೆ! ಜಾಲಿಸಿದ್ ನೀರು ಸೊಪ್ಪಿನ ಪಾತಿಗೆ ಹಾಕು!" ಎಂದು ಆಜ್ಞೆ ಮಾಡುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನೆಂದೂ ನೋಡಿರಲಿಲ್ಲ. ಸಂಜೆ ಟ್ಯಾಂಕು ಟೊಳ್ಳು ಸದ್ದು ಮಾಡಿತು, ಗಂಡಸರು ಹಗ್ಗ ಹಾಕಿ ಎತ್ತಿದರು. ಮತ್ತೆ ಹೊಲಕ್ಕೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದೆವು. ಸರಿಯಾಗಿ ಒಂದು ಗೇಣು ಮೇಲಿತ್ತು.

ಹೆಂಚು ಹೊದಿಸಿ, ಒಳಗೆ ಸುಣ್ಣ ಬಳಿದು, ಏಣಿಯ ಬದಲು ಮೆಟ್ಟಿಲು ಕೂರಿಸಲು ಇನ್ನಷ್ಟು ದಿನ ಹಿಡಿಯಿತು. ಎಲ್ಲ ಮುಗಿದ ಬೆಳಿಗ್ಗೆ ನಾನು ಕಸ ಗುಡಿಸಲು ಮೇಲೆ ಹೋದೆ. ಹಿಂದೆಯೇ ಅತ್ತೆ, ಪ್ರತಿ ಮೆಟ್ಟಿಲಿಗೂ ಒಂದು ಉಸ್ಸಪ್ಪ ಎನ್ನುತ್ತಾ ಹತ್ತಿ ಬಂದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ, ಅದೂ ಕತ್ತು ಬಗ್ಗಿಸಿಕೊಂಡು. ಇಷ್ಟು ವರ್ಷದ ಅಭ್ಯಾಸ, ತೊಲೆ ಮೇಲೆ ಹೋಗಿದೆ ಎಂದು ಕತ್ತಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ಅತ್ತೆ ಬಂದು ಬೆನ್ನ ಮೇಲೆ ಒಂದು ಏಟು ಕೊಟ್ಟರು.

"ನೆಟ್ಟಗೆ ನಿಂತ್ಕೊಳೇ."

ನಿಂತೆ.

"ಎರಡೂ ಕೈ ಮೇಲೆತ್ತು."

ಏಕೆಂದು ತಿಳಿಯದೆ ಎತ್ತಿದೆ. ಬೆರಳ ತುದಿಗೂ ಏನೂ ತಾಗಲಿಲ್ಲ. ಅತ್ತೆ ನನ್ನ ಕೈಯನ್ನೂ ಅದರ ಮೇಲಿದ್ದ ಖಾಲಿ ಜಾಗವನ್ನೂ ನೋಡಿದರು. ಆಮೇಲೆ ಪಕ್ಕದ ಮನೆಯ ಗೋಡೆಯ ಕಡೆ ಒಮ್ಮೆ ತಿರುಗಿ, ದನಿ ತಗ್ಗಿಸಿದರು.

"ಎರಡು ಸಾಲು ಜಾಸ್ತಿ ಕಟ್ಟು ಅಂತ ಮೇಸ್ತ್ರಿಗೆ ಹೇಳಿದ್ದು ನಾನೇ ಕಣವ್ವ. ಅವನು ಬರೀ ನಿನ್ ತಲೆ ಅಳತೆ ತಗೊಂಡು ಹೊರಟಿದ್ದ. ತಲೆ ಹಿಡಿಸಿದ್ರೆ ಸಾಕಾ? ಹೆಣ್ಣುಮಗಳು ಕೈ ಎತ್ತಿ ಜಡೆ ಹೆಣೀಬೇಕಾ ಬೇಡ್ವಾ? ಅಕ್ಕನ ಕಿವಿಗೆ ಮಾತ್ರ ಹಾಕ್ಬೇಡ."

ನಾನು ಎತ್ತಿದ ಕೈ ಹಾಗೇ ಇತ್ತು. ಇಳಿಸಿದರೆ ಅವರನ್ನು ತಬ್ಬಿಕೊಂಡು ಅತ್ತುಬಿಡುತ್ತೇನೆ ಎಂದು ಗೊತ್ತಿತ್ತು. ಇಳಿಸಿದೆ.