ನಾಲೆ ಪಕ್ಕದಲ್ಲೇ ಇತ್ತು

ಅಥವಾ ನನ್ನ ಗಂಡ ‘ಸಾಕು’ ಅಂದದ್ದು ಎರಡನೇ ಸೇತುವೆಯ ಹತ್ತಿರ ಅಲ್ಲದೆಯೂ ಇರಬಹುದು. ಅಂದೇ ಇಲ್ಲದಿರಬಹುದು. ಐಸಿಯುವಿನ ಹೊರಗೆ ಕೂತು ಆ ಬೆಳಿಗ್ಗೆಯನ್ನು ಎಷ್ಟು ಸಲ ಮತ್ತೆ ನೆನೆದಿದ್ದೇನೆಂದರೆ, ಯಾವುದು ನಡೆದದ್ದು, ಯಾವುದು ನನ್ನ ಹೆದರಿಕೆ ಸೇರಿಸಿದ್ದು ಎಂದು ಈಗ ಬೇರೆ ಮಾಡಲು ಆಗುತ್ತಿಲ್ಲ.

ಗೊತ್ತಿರುವಷ್ಟು ಬರೆಯುತ್ತೇನೆ. ಏಪ್ರಿಲ್. ಭಾನುವಾರ. ಪಾಂಡವಪುರದ ಹೊರಗಿನ ನಾಲೆ ಏರಿಯ ದಾರಿ. ನನ್ನ ಗಂಡನಿಗೆ ನಲವತ್ನಾಲ್ಕು ವರ್ಷ, ಕಚೇರಿಯಲ್ಲಿ ಕುರ್ಚಿಯ ಕೆಲಸ, ಶುಗರ್ ಬಂದು ಮೂರು ತಿಂಗಳು. ಮರುದಿನ ಬ್ಲಡ್ ಟೆಸ್ಟ್ ಇತ್ತು. ಈ ಸಲವೂ ಇಳಿಯದಿದ್ದರೆ ಇನ್ಸುಲಿನ್ ಎಂದಿದ್ದರು ಡಾಕ್ಟರು. ಇವರಿಗೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ಬೆವರು ಹರಿದಷ್ಟೂ ಸಕ್ಕರೆ ಇಳಿಯುತ್ತದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದರಂತೆ. ಬೀರುವಿನಿಂದ ಜರ್ಕಿನ್ ತೆಗೆದುಕೊಟ್ಟವಳು ನಾನು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೆವರು ಆರಿದರೆ ಮೈ ತಂಪಾಗುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

ಬೆವರು ಆರಲು ಬಿಡದ ಬಟ್ಟೆಯ ಜಿಪ್ಪನ್ನು ಕತ್ತಿನವರೆಗೆ ಎಳೆದೆ.

ತಿಂಡಿ, ಪಾತ್ರೆ ಎಲ್ಲ ಮುಗಿಸಿ ಹೊರಡುವಾಗ ಹತ್ತು ದಾಟಿತ್ತು. ಅವರು ಅರ್ಧ ಓಟ, ಅರ್ಧ ನಡಿಗೆ. ನಾನು ಛತ್ರಿ ಹಿಡಿದು ಹಿಂದೆ. ಎರಡನೇ ಸೇತುವೆ ದಾಟಿದ ಮೇಲೆ ಅವರು ತಿರುಗಿ ಕೇಳಿದರು:

“ಡೈರಿಗೆ ಆಲು ಆಕ್ಬುಟ್ಟು ಬಂದ್ಯೇನೆ?”

ನಕ್ಕುಬಿಟ್ಟೆ. “ಹಸ ಮಾರಿ ನಾಲ್ಕೊರ್ಸ ಆಯ್ತಲ್ರೀ. ಹಾಲು ಬೇಕಂದ್ರೆ ನನ್ನೇ ಕರೀಬೇಕು ಈಗ.”

ಅವರು ನಗಲಿಲ್ಲ. ನನ್ನನ್ನು ಯಾರೆಂದು ಗೊತ್ತಿಲ್ಲದವರ ಹಾಗೆ ನೋಡಿದರು. ಕಾಲು ಅಡ್ಡಡ್ಡ ಬಿದ್ದವು. ಆಮೇಲೆ ಅವರೇ ಬಿದ್ದರು. ಕೈಕಾಲು ಅದುರತೊಡಗಿದವು.

ಬೈಕಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬರುತ್ತಿದ್ದವನೊಬ್ಬ ಇಳಿದು ಓಡಿಬಂದ. “ಪಿಟ್ಸು ಕಣಕ್ಕಾ ಇದು! ಕೈಗೆ ಕಬ್ಬಿಣ ಕೊಡಿ, ಕಬ್ಬಿಣ!”

ನಾನು ಮನೆಯ ಬೀಗದ ಕೈ ಕೊಟ್ಟೆ. ಅವನು ತಿರುವಿ ನೋಡಿದ. “ಇದು ಇತ್ತಾಳೆ. ನಡೆಯಾಕಿಲ್ಲ.” ತನ್ನ ಬೈಕಿನ ಕೀ ತಂದ. ಇನ್ನೊಬ್ಬ ಬಂದು, ಅದೂ ಕಬ್ಬಿಣವಲ್ಲ ಎಂದ. ಇಬ್ಬರ ನಡುವೆ ಅದೇ ಮಾತು ಬೆಳೆಯಿತು. ನಾನು ಮೊಣಕಾಲೂರಿ ಗಂಡನ ಬೆರಳುಗಳನ್ನು ಆ ಕೀಯ ಸುತ್ತ ಒತ್ತಿ ಹಿಡಿದಿದ್ದೆ. ವಿಜ್ಞಾನದ ಮೇಡಂ.

ಹತ್ತು ಹೆಜ್ಜೆ ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು.

ಅಲ್ಲಿ ಜಮಖಾನ ಒಗೆಯುತ್ತಿದ್ದ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಅವರ ಕತ್ತು ಮುಟ್ಟಿ ಕೈ ಎಳೆದುಕೊಂಡಳು. “ಕೀ ಇಟ್ಕೊಂಡು ಏನ್ ಸ್ವರ್ಗದ ಬಾಗ್ಲು ತಗೀತಾ ಇದ್ದೀರಾ? ಮೈ ಒಲೆ ಆಗದೆ! ಮೊದ್ಲು ಆ ಕೋಟು ಬಿಚ್ರಿ! ನೆಳ್ಳಿಗೆ ಎಳೀರಿ!”

ಜಿಪ್ಪು ಬಿಚ್ಚಿದಾಗ ಒಳಗಿನಿಂದ ಹಬೆ ಬಂದ ನೆನಪು. ಹಬೆ ಕಣ್ಣಿಗೆ ಕಾಣುವಂಥದ್ದಲ್ಲ ಅಷ್ಟು ಬಿಸಿಲಿನಲ್ಲಿ. ಆದರೂ ನೆನಪಿದೆ. ಹೊಂಗೆ ನೆರಳಿಗೆ ಎಳೆದೆವು. ಒದ್ದೆ ಜಮಖಾನ ಹೊದಿಸಿ ಬಕೆಟ್ ಮೇಲೆ ಬಕೆಟ್ ಸುರಿದೆವು. ಹುಲ್ಲಿನವನು ಟವೆಲಿನಿಂದ ಗಾಳಿ ಬೀಸುತ್ತಲೇ ಇದ್ದ. ಇನ್ನೊಬ್ಬ ಬಾಯಿಗೆ ನೀರು ಹಾಕಲು ಹೋದ. “ಗ್ಯಾನ ಇಲ್ದೋರ ಬಾಯ್ಗೆ ಉಯ್ದು ಉಸ್ರು ಕಟ್ಟಿಸ್ಬುಟ್ಟೀಯ ಕಣ್ಲಾ!” ಎಂದು ಅವಳು ಅವನ ಕೈ ಸರಿಸಿದಳು. ಯಾರೋ 108ಕ್ಕೆ ಫೋನ್ ಮಾಡಿದ್ದರು. ನಾನಲ್ಲ.

ಮೈಸೂರಿನ ಆಸ್ಪತ್ರೆ. ವೆಂಟಿಲೇಟರ್. ಕಿಡ್ನಿ ನಿಧಾನವಾಯಿತು, ಎರಡು ಸಲ ಡಯಾಲಿಸಿಸ್. ಹೀಟ್ ಸ್ಟ್ರೋಕ್ ಎಂದರು ಡಾಕ್ಟರು. “ಆದರೆ ಬೆವರ್ತಾ ಇದ್ರಲ್ಲ ಡಾಕ್ಟ್ರೇ?” ಎಂದೆ.

“ಶ್ರಮಪಟ್ಟಾಗ ಬೆವರ್ತಾನೇ ಹೀಗಾಗಬಹುದಮ್ಮ. ತಡವರಿಸಿ ಮಾತಾಡಿದ್ರಾ? ಸಂಬಂಧ ಇಲ್ಲದ್ದು ಏನಾದ್ರೂ?”

ಹಸು. ಹಾಲು. ನಾನು ನಕ್ಕದ್ದು. ಎಲ್ಲ ಹೇಳಿದೆ.

“ಅದೇ ಗುರುತು. ಆ ಕ್ಷಣದಿಂದ್ಲೇ ತಣ್ಣಗೆ ಮಾಡ್ಬೇಕು. ಬಿದ್ದ ಎಷ್ಟು ನಿಮಿಷಕ್ಕೆ ನೀರು ಹಾಕಿದ್ರಿ?”

ಐದು ಎಂದೆ. ನೋಡಲು ಬಂದಿದ್ದ ಹುಲ್ಲಿನವನು ನನ್ನ ಹಿಂದಿನಿಂದ, “ಕಾಲ್ಗಂಟೆ ಆಗಿತ್ತು ಸಾ” ಎಂದ. ಡಾಕ್ಟರು ಎರಡನ್ನೂ ಬರೆದುಕೊಳ್ಳಲಿಲ್ಲ.

ಐದನೇ ದಿನ, ವೆಂಟಿಲೇಟರ್ ತೆಗೆದ ಮೇಲೆ, ಅವರು ಕಣ್ಣು ಬಿಟ್ಟರು. ನನ್ನನ್ನು ಬಹಳ ಹೊತ್ತು ನೋಡಿದರು. ಮತ್ತೆ ಹಸುವಿನ ಬಗ್ಗೆ ಕೇಳಿಬಿಟ್ಟರೆ?

“ಮನೆ ಬೀಗ ಆಕಿದ್ಯಾ?” ಎಂದರು.

ಮನೆಗೆ ಬಂದ ಮೇಲೆ ಜಮಖಾನ ಒಗೆದು ಆ ಹೆಂಗಸಿಗೆ ಹಿಂತಿರುಗಿಸಲು ಹೋದೆ. “ನೀವು ನೀರು ಹಾಕ್ದೇ ಹೋಗಿದ್ರೆ...” ಎಂದೆ. “ಮೊದಲ್ನೇ ಬಕೆಟ್ ಉಯ್ದೋಳು ನೀನೇ ಕಣವ್ವ” ಎಂದಳು. ನನಗೆ ಅದು ನೆನಪಿಲ್ಲ. ಸಮಾಧಾನಕ್ಕೆ ಹೇಳಿದಳೇನೋ. ಎಷ್ಟು ಹೊತ್ತಾಗಿತ್ತು ಎಂದು ಕೇಳಿದೆ. “ನಾನೇನ್ ವಾಚು ಕಟ್ಕೊಂಡು ಬಟ್ಟೆ ಒಗೀತೀನಾ?”

ಈಗ ಇನ್ಸುಲಿನ್ ಇದೆ. ಅವರೇ ಚುಚ್ಚಿಕೊಳ್ಳುತ್ತಾರೆ. ಎರಡು ತಿಂಗಳಾದ ಮೇಲೆ ಡಾಕ್ಟರು ಒಪ್ಪಿದರು. ಅಂದಿನಿಂದ ಬೆಳಿಗ್ಗೆ ಐದೂವರೆಗೆ ಸಡಿಲ ಹತ್ತಿ ಅಂಗಿ ಹಾಕಿ ನೀರಿನ ಬಾಟಲಿಯೊಂದಿಗೆ ಮೊದಲ ಸೇತುವೆಯವರೆಗೆ ಮಾತ್ರ ನಡೆಯುತ್ತೇವೆ. ಕೆಲವು ಮಾತು ಇನ್ನೂ ತೊದಲುತ್ತವೆ. ಸರಿಹೋಗಬಹುದು ಎಂದಿದ್ದಾರೆ. ಬಹುದು. ದಾರಿಯುದ್ದಕ್ಕೂ ಅವರನ್ನು ಏನಾದರೂ ಕೇಳುತ್ತಲೇ ಇರುತ್ತೇನೆ: ಇವತ್ತು ಯಾವ ವಾರ, ನಿನ್ನೆ ಏನು ಸಾರು. “ಪರೀಕ್ಷೆ ಮುಗೀತಾ ಮೇಡಂ?” ಎನ್ನುತ್ತಾರೆ. ಆ ಗೇಲಿ ಕೇಳಿದ ಮೇಲೇ ಮುಂದಿನ ಹೆಜ್ಜೆ ಇಡಲು ನನಗೆ ಧೈರ್ಯ.

ಮೊನ್ನೆ ಅವರೇ ಕೇಳಿದರು. “ಅವತ್ತು ನಂಗೆ ಸುಸ್ತಾಯ್ತದೆ ಅಂತ ನಾನು ಏಳ್ನಿಲ್ವೇನೆ?”

ಸೇತುವೆಯ ಹತ್ತಿರ ಅವರು ‘ಸಾಕು’ ಅಂದದ್ದು, ನಾನು ‘ಇನ್ನೊಂದ್ ಸ್ವಲ್ಪ, ಬೆವರು ಬರ್ಲಿ’ ಅಂದದ್ದು ನನ್ನ ಕಿವಿಯಲ್ಲಿದೆ. ಅದು ಅಂದಿನದೋ, ಆಸ್ಪತ್ರೆಯಲ್ಲಿ ಹುಟ್ಟಿದ್ದೋ ತಿಳಿಯದು. ಅವರಿಗೆ ಆ ದಿನದ ಒಂದು ಕ್ಷಣವೂ ನೆನಪಿಲ್ಲ. ಸೇತುವೆಯ ಹತ್ತಿರ ಆಗ ಇದ್ದವರು ನಾವಿಬ್ಬರೇ.

“ಗೊತ್ತಿಲ್ಲ ಕಣ್ರೀ” ಎಂದೆ. ನಿಜಕ್ಕೂ ಗೊತ್ತಿಲ್ಲ.